ಶುಲ್ಕ ರಿಯಾಯಿತಿಗೆ ಮನೆ ನೋಡಲು ಹೋದದ್ದು

ಮಧುಗಿರಿಯ ಒಂದು ಖಾಸಗಿ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಈ ಹದಿನಾಲ್ಕು ವರ್ಷದಲ್ಲಿ ನನಗೆ ಪಾಠ ಬಿಟ್ಟು ಬೇರೆ ಕೆಲಸ ಕೊಟ್ಟಾಗಲೆಲ್ಲ ಏನಾದರೊಂದು ಎಡವಟ್ಟಾಗಿದೆ. ಆದರೂ ಎರಡು ವರ್ಷದ ಹಿಂದೆ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕರೆದು, ‘ಮೇಡಂ, ನಿಮಗೊಂದು ಒಳ್ಳೆ ಕೆಲಸ ಕೊಡ್ತಿದೀನಿ’ ಎಂದಾಗ ನಾನು ನಿಜಕ್ಕೂ ಸಂತೋಷಪಟ್ಟೆ.

ಕೆಲಸ ಏನೆಂದರೆ, ನಮ್ಮ ಶಾಲೆಯಲ್ಲಿ ಓದಿ ಹೊರಗೆ ಹೋಗಿ ನೆಲೆ ಕಂಡವರು ಕೆಲವರು ಸೇರಿ ಒಂದು ನಿಧಿ ಮಾಡಿದ್ದರು. ಫೀಸು ಕಟ್ಟಲಾಗದ ಮನೆಗಳ ಮಕ್ಕಳಿಗೆ ಆ ಹಣದಿಂದ ರಿಯಾಯಿತಿ ಕೊಡಬೇಕು. ಯಾವ ಮನೆಗೆ ನಿಜವಾಗಿ ಬೇಕು ಅನ್ನುವುದನ್ನು ಶಾಲೆಯೇ ನೋಡಿ ಆರಿಸಬೇಕು. ಅದಕ್ಕೊಂದು ಸಮಿತಿ: ಕಾರ್ಯದರ್ಶಿಗಳು, ಹೆಡ್‌ಮಾಸ್ಟರು, ನಾನು. ಅವರಿಬ್ಬರೂ ಕೂತು ತೀರ್ಮಾನ ಮಾಡುವವರು. ನನ್ನ ಹತ್ತಿರ ಸ್ಕೂಟರ್ ಇತ್ತು, ಹಾಗಾಗಿ ಅರ್ಜಿ ಹಾಕಿದವರ ಮನೆಮನೆಗೆ ಹೋಗಿ ನೋಡಿಕೊಂಡು ಬರುವವಳು ನಾನು.

ಕೈಗೊಂದು ಫಾರಂ ಕೊಟ್ಟರು. ಸ್ವಂತ ಮನೆಯೋ ಬಾಡಿಗೆಯೋ, ಹೆಂಚೋ ಆರ್‌ಸಿಸಿಯೋ, ಟಿವಿ ಇದೆಯೋ, ಫ್ರಿಜ್ ಇದೆಯೋ, ವಾಷಿಂಗ್ ಮೆಷಿನ್ ಇದೆಯೋ, ಬೈಕೋ ಕಾರೋ. ಒಂದೊಂದಕ್ಕೂ ಒಂದೊಂದು ಚೌಕ. ಇದ್ದರೆ ಟಿಕ್ ಹಾಕಬೇಕು, ಮೊಬೈಲಿನಲ್ಲಿ ಅಡುಗೆಮನೆಯ ಫೋಟೋ ತೆಗೆಯಬೇಕು. ‘ಅಡುಗೆಮನೆ ಯಾಕೆ ಸರ್?’ ಎಂದು ಕೇಳಿದೆ. ‘ಮುಂದುಗಡೆ ಎಲ್ರೂ ಬಡವ್ರ ಥರಾನೇ ಇರ್ತಾರೆ ಮೇಡಂ. ಒಳಗೆ ಹೋದ್ರೆ ಗೊತ್ತಾಗೋದು’ ಎಂದರು.

ಎಂಟು ಮಕ್ಕಳಿಗೆ ಸಿಗುವ ರಿಯಾಯಿತಿಗೆ ಮೂವತ್ತೊಂದು ಅರ್ಜಿ ಬಂದಿದ್ದವು. ಜೂನ್ ತಿಂಗಳ ಭಾನುವಾರಗಳೆಲ್ಲ ಅದರಲ್ಲೇ ಕಳೆದವು. ಎಲ್ಲ ಮನೆಗಳ ಕತೆ ಇಲ್ಲಿ ಬೇಡ. ಎರಡು ಮನೆಗಳದ್ದು ಮಾತ್ರ ಹೇಳುತ್ತೇನೆ.

ಮೊದಲನೆಯದು ದೊಡ್ಡೇರಿ ಕಡೆಯದು. ಆರನೇ ಕ್ಲಾಸಿನ ಹುಡುಗಿಯ ಅಪ್ಪ, ಮಣ್ಣು ಅಗೆಯುವ ಜೆಸಿಬಿ ಬಾಡಿಗೆಗೆ ಬಿಡುವವರು. ಅರ್ಜಿಯ ಜೊತೆ ಇಟ್ಟಿದ್ದ ಆದಾಯ ಪ್ರಮಾಣಪತ್ರದಲ್ಲಿ ವರ್ಷದ ವರಮಾನ ಹನ್ನೊಂದು ಸಾವಿರ ಅಂತ ಇತ್ತು. ತಿಂಗಳದ್ದಲ್ಲ, ವರ್ಷದ್ದು. ಮನೆ ಮಹಡಿಯದು. ಗೇಟಿಗೆ ಹೊಸದಾಗಿ ಬಣ್ಣ ಹೊಡೆದಿದ್ದರು. ಮನೆಯಾತ ಬಹಳ ಮರ್ಯಾದೆಯಿಂದ ಬರಮಾಡಿಕೊಂಡರು. ‘ಬನ್ನಿ ಮೇಡಂ, ಕೂತ್ಕಳಿ. ಬಿಸ್ಲಲ್ಲಿ ಬಂದ್ಬುಟ್ಟಿದೀರ’ ಎಂದು ಎಳನೀರು ಕೊಡಿಸಿದರು.

ನಡುಮನೆಯ ಗೋಡೆಯ ಮೇಲೆ ನಾಲ್ಕು ಮೊಳೆಗಳಿದ್ದವು. ಅವುಗಳ ನಡುವೆ ಅಗಲವಾದ ಚೌಕದಷ್ಟು ಜಾಗದಲ್ಲಿ ಮಾತ್ರ ಬಣ್ಣ ಮಾಸಿರಲಿಲ್ಲ. ಬಚ್ಚಲಿನ ಪಕ್ಕ ಸೊಂಟದೆತ್ತರದ ಏನೋ ಒಂದರ ಮೇಲೆ ಹಳೇ ಸೀರೆ ಹೊದಿಸಿ, ಅದರ ಮೇಲೆ ಪಾತ್ರೆ ಜೋಡಿಸಿದ್ದರು. ಸೀರೆಯ ಅಂಚಿನಿಂದ ನೀರಿನ ಪೈಪು ಹೊರಗೆ ಬಂದಿತ್ತು.

‘ಟಿವಿ ಇಲ್ವಾ?’ ಎಂದೆ.

‘ಎಲ್ಲಿಂದ ಬರ್ತದೆ ಮೇಡಂ? ಮಕ್ಕಳ ಓದಿಗೇ ಸಾಲಲ್ಲ’ ಎಂದರು.

ಆಗ ನಮ್ಮ ಶಾಲೆಯ ಹುಡುಗಿಯ ತಂಗಿ, ನಾಲ್ಕೈದು ವರ್ಷದ ಪುಟ್ಟಿ, ಅಮ್ಮನ ಸೆರಗು ಹಿಡಿದು ನಿಂತಿದ್ದವಳು ಮುಂದೆ ಬಂದು, ‘ದೊಡ್ಡಪ್ಪನ ಮನೇಲಿ ಇಟ್ಟಿದೀವಿ ಮಿಸ್. ನೀವು ಹೋದ್ಮೇಲೆ ತಗಂಬರ್ತಾರೆ’ ಎಂದಳು. ಅವಳಮ್ಮ ಅವಳನ್ನು ಎತ್ತಿಕೊಂಡು ಒಳಗೆ ಹೋದಳು. ಅಪ್ಪ ನಕ್ಕರು. ಸಿಕ್ಕಿಬಿದ್ದೆ ಅನ್ನುವ ನಗುವಲ್ಲ ಅದು, ಮಕ್ಕಳಲ್ಲವಾ ಅನ್ನುವ ನಗು. ‘ಎಲ್ರೂ ಇಂಗೇ ಮಾಡೋದು ಮೇಡಂ. ನಾವೊಬ್ರು ಬುಟ್ರೆ ನಮಗೇ ಲುಕ್ಸಾನು’ ಎಂದು ಗೇಟಿನ ತನಕ ಬಂದು ಬೀಳ್ಕೊಟ್ಟರು.

ಎರಡನೆಯ ಮನೆ ಮಧುಗಿರಿಯಲ್ಲೇ, ಹಳೇ ಪೇಟೆಯ ಹಿಂದಿನ ಓಣಿಯಲ್ಲಿ. ಶಿರಾದಿಂದ ಬಂದು ನೆಲೆಸಿದ ಮುಸ್ಲಿಂ ಕುಟುಂಬ. ಅಪ್ಪ ಹತ್ತಿ ಹಾಸಿಗೆ, ದಿಂಬು ಹೊಲಿಯುವವರು. ಮುಂದೆ ಅಂಗಡಿ, ಹಿಂದೆ ಒಂದೂವರೆ ಕೋಣೆಯ ಬಾಡಿಗೆ ಮನೆ. ಮಗಳು ನನ್ನ ಒಂಬತ್ತನೇ ಕ್ಲಾಸಿನವಳು. ಬೋರ್ಡಿನ ಮೇಲೆ ನಾನು ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಬರೆದಿಟ್ಟು ಕಿಟಕಿಯಾಚೆ ನೋಡುತ್ತ ಕೂರುವ ಹುಡುಗಿ. ಅವಳ ಜಡೆಯಲ್ಲಿ ಯಾವಾಗಲೂ ಒಂದೆರಡು ಎಳೆ ಹತ್ತಿ ಸಿಕ್ಕಿಕೊಂಡಿರುತ್ತಿತ್ತು.

ಆ ಮನೆಯಲ್ಲಿ ಯಾವುದನ್ನೂ ಮುಚ್ಚಿರಲಿಲ್ಲ. ಬದಲಿಗೆ ಎಲ್ಲವನ್ನೂ ಒರೆಸಿಟ್ಟಿದ್ದರು. ಟೀಚರು ಬರುತ್ತಾರೆ ಎಂದು ಒಳಗಿನ ನೆಲವನ್ನು ಎರಡು ಸಲ ಸಾರಿಸಿದ್ದರಂತೆ. ಅಡುಗೆಮನೆಯ ಮೂಲೆಯಲ್ಲಿ ಒಂದು ಹಳೇ ಫ್ರಿಜ್, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ. ನನ್ನ ಪೆನ್ನು ಆ ಚೌಕದ ಮೇಲೆ ನಿಂತದ್ದನ್ನು ಹುಡುಗಿಯ ಅಮ್ಮ ನೋಡಿದಳು. ಬಾಗಿಲು ತೆರೆದು ತೋರಿಸಿದಳು. ಒಳಗೆ ಒಂದು ಪಾತ್ರೆ ಹಾಲು, ಕೊತ್ತಂಬರಿ ಕಟ್ಟು, ಬಾಗಿಲ ಕಡೆಯ ಸಾಲಿನಲ್ಲಿ ಇನ್ಸುಲಿನ್ ಬಾಟಲಿಗಳು.

‘ನಮ್ಮತ್ತೇಗೆ ಶುಗರ್ ಇದೆ ಮಿಸ್. ಇದನ್ನ ತಂಪಲ್ಲೇ ಇಡ್ಬೇಕಂತೆ. ಅದಕ್ಕೇ ಸೆಕೆಂಡ್ ಹ್ಯಾಂಡ್ ತಗೊಂಡ್ವಿ’ ಎಂದಳು.

ಯಾಕೆ ಇದೆ ಅಂತ ಬರೆಯಲು ಫಾರಮ್ಮಿನಲ್ಲಿ ಜಾಗವಿರಲಿಲ್ಲ. ಟಿಕ್ ಹಾಕಿ, ಅದರ ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ಅಜ್ಜಿಯ ಇನ್ಸುಲಿನ್‌ಗಾಗಿ’ ಎಂದು ಬರೆದೆ.

ಇವರ ಆದಾಯ ಪ್ರಮಾಣಪತ್ರದಲ್ಲಿ ಇದ್ದದ್ದು ಇದ್ದ ಹಾಗೇ ಇತ್ತು. ನಮ್ಮ ಸಮಿತಿ ಇಟ್ಟಿದ್ದ ಮಿತಿಗಿಂತ ನಾಲ್ಕು ಸಾವಿರ ಹೆಚ್ಚು. ‘ಎಷ್ಟು ಬರ್ತದೆ ಅಂತ ಕೇಳಿದ್ರು, ಇರೋದನ್ನೇ ಹೇಳ್ಬುಟ್ಟೆ’ ಎಂದರು ಹಾಸಿಗೆಯವರು, ಏನೂ ವಿಶೇಷವಿಲ್ಲ ಎಂಬಂತೆ. ‘ಹೋದ್ ವರ್ಷದ್ದು ಅದು. ಈಗ ಅಷ್ಟೂ ಇಲ್ಲ. ಎಲ್ರೂ ಫೋಮ್ ಹಾಸಿಗೆ ತಗೋತಾರೆ ಮೇಡಂ. ಹತ್ತಿ ಹಾಸಿಗೆ ಬೇಕು ಅನ್ನೋರು ಬೆನ್ನುನೋವಿನೋರು ಮಾತ್ರ.’

ಆ ಹುಡುಗಿ ನಾನಿದ್ದಷ್ಟು ಹೊತ್ತೂ ಅಂಗಡಿಯ ಮೆಟ್ಟಿಲ ಮೇಲೆ ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದಳು. ಅಡುಗೆಮನೆಯ ಫೋಟೋ ತೆಗೆಯುವಾಗ ಮಾತ್ರ ಒಂದು ಸಲ ತಿರುಗಿ ನೋಡಿದಳು. ಕ್ಲಾಸಿನಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದೇ ಇಲ್ಲ.

ಜುಲೈನಲ್ಲಿ ಸಮಿತಿ ಸೇರಿತು. ನಾನು ಪ್ರತಿ ಮನೆಗೂ ಒಂದೊಂದು ಪುಟ ವರದಿ ಬರೆದಿದ್ದೆ. ಆ ಪುಟಗಳನ್ನು ಕಾರ್ಯದರ್ಶಿಗಳು ಪಕ್ಕಕ್ಕಿಟ್ಟು ಪ್ರಮಾಣಪತ್ರಗಳನ್ನು ಕಡಿಮೆ ಆದಾಯದ್ದು ಮೇಲೆ ಬರುವ ಹಾಗೆ ಜೋಡಿಸಿದರು. ಎಲ್ಲಕ್ಕಿಂತ ಮೇಲೆ ಬಂದದ್ದು ದೊಡ್ಡೇರಿ ಕಡೆಯ ಹನ್ನೊಂದು ಸಾವಿರದವರು.

‘ಸರ್, ಅವರದ್ದು ಮಹಡಿ ಮನೆ. ಟಿವಿ ಇಳಿಸಿ ಅಣ್ಣನ ಮನೆಯಲ್ಲಿಟ್ಟಿದ್ದರು. ಮಗುವೇ ಹೇಳಿತು’ ಎಂದೆ.

‘ಮಗು ಹೇಳಿದ್ದನ್ನ ಫೈಲಲ್ಲಿ ಹಾಕಕ್ಕಾಗ್ತದಾ ಮೇಡಂ? ಸರ್ಕಾರದ ಸೀಲು ಇದೆ. ನಾಳೆ ಯಾರಾದ್ರೂ ಕೇಳಿದ್ರೆ ನಾನು ಇದನ್ನ ತೋರಿಸ್ತೀನಿ. ನಿಮ್ಮ ಪುಟ ತೋರಿಸ್ಲಾ?’

‘ಹಾಗಾದರೆ ನನ್ನನ್ನ ಯಾಕೆ ಕಳಿಸಿದಿರಿ?’

ಅವರು ನನ್ನನ್ನು ಅಚ್ಚರಿಯಿಂದ ನೋಡಿದರು. ‘ಕೊಡೋರು ಕೇಳ್ತಾರೆ ಮೇಡಂ, ಮನೆಗೆ ಹೋಗಿ ನೋಡಿದ್ರಾ ಅಂತ. ನೋಡಿದೀವಿ ಅಂತ ಹೇಳ್ಬೇಕಲ್ಲ.’

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಹಾಸಿಗೆಯವರ ಅರ್ಜಿ ಬಂದಾಗ ಕಾರ್ಯದರ್ಶಿಗಳು, ‘ಮಿತಿ ದಾಟಿದೆ. ಫ್ರಿಜ್ ಬೇರೆ ಇದೆ’ ಎಂದು ಕೆಳಗಿಟ್ಟರು. ಅಂಚಿನಲ್ಲಿ ಬರೆದಿದ್ದನ್ನು ತೋರಿಸಿದೆ. ಓದಿದರು. ‘ಪಾಪ’ ಎಂದರು. ಅರ್ಜಿ ಮಾತ್ರ ಕೆಳಗೇ ಉಳಿಯಿತು.

ಅದನ್ನು ಅವರಿಗೆ ತಿಳಿಸುವ ಕೆಲಸವೂ ನನ್ನದೇ. ಸಂಜೆ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋದೆ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ನಿಂತುಕೊಂಡೇ, ‘ಇನ್ನೊಂದು ಪ್ರಮಾಣಪತ್ರ ಮಾಡಿಸಿ. ಕಡಿಮೆ ಹೇಳಿ ಬರೆಸಿ. ನಾನು ಮತ್ತೆ ಕೇಳ್ತೀನಿ’ ಎಂದುಬಿಟ್ಟೆ.

ಹಾಸಿಗೆಯವರು ಸೂಜಿ ಹಿಡಿದಿದ್ದ ಕೈ ನಿಲ್ಲಿಸಿದರು. ‘ಸುಳ್ಳು ಬರೆಸು ಅಂತೀರಾ ಮೇಡಂ?’ ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಟೀಚರು ಹೇಳುತ್ತಿದ್ದಾರೆ ಅಂದಮೇಲೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವ ಹಾಗಿತ್ತು.

ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ ಟೀ ತಂದಳು. ಲೋಟ ನನ್ನ ಮುಂದಿಟ್ಟು, ‘ಒಂದು ಕೇಳ್ಲಾ ಮಿಸ್? ಬೇಜಾರ್ ಮಾಡ್ಕೋಬಾರ್ದು’ ಎಂದಳು. ‘ನಿಮ್ಮ ಮಗಳಿಗೂ ಫೀಸು ಅರ್ಧ ಅಂತೆ ಅಲ್ವಾ. ನಿಮ್ಮನೇಗೆ ಯಾರು ಬಂದಿದ್ರು ನೋಡೋಕೆ?’

ನನ್ನ ಮಗಳು ಆಗ ಅದೇ ಶಾಲೆಯಲ್ಲಿ ಏಳನೇ ಕ್ಲಾಸು. ಟೀಚರುಗಳ ಮಕ್ಕಳಿಗೆ ಅರ್ಧ ಫೀಸು ಎಂಬುದು ನಾನು ಸೇರುವ ಮೊದಲಿನಿಂದ ಇದ್ದ ಪದ್ಧತಿ. ಅದಕ್ಕೆ ಫಾರಂ ಇಲ್ಲ, ಪ್ರಮಾಣಪತ್ರ ಇಲ್ಲ. ನನ್ನ ಅಡುಗೆಮನೆಗೆ ಯಾರೂ ಮೊಬೈಲ್ ಹಿಡಿದು ಬಂದವರಿಲ್ಲ. ನಮ್ಮ ಮನೆಯಲ್ಲಿ ಟಿವಿ, ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲ ಇದೆ. ನನ್ನ ಗಂಡ ತುಮಕೂರಿನಲ್ಲಿ ಕೆಲಸದಲ್ಲಿದ್ದಾರೆ. ಇಷ್ಟು ವರ್ಷದಲ್ಲಿ ಆ ಅರ್ಧ ಫೀಸನ್ನು ನಾನು ರಿಯಾಯಿತಿ ಎಂದು ಎಣಿಸಿಯೇ ಇರಲಿಲ್ಲ. ನಮ್ಮ ಸಂಬಳ ಕಡಿಮೆ, ಅದಕ್ಕೆ ಕೊಡುತ್ತಾರೆ, ಅಷ್ಟೇ ಅಂದುಕೊಂಡಿದ್ದೆ.

‘ಯಾರೂ ಬಂದಿರ್ಲಿಲ್ಲ’ ಎಂದೆ.

‘ಸುಮ್ನೆ ಕೇಳ್ದೆ ಮಿಸ್. ಟೀ ಕುಡೀರಿ, ಆರೋಗ್ತದೆ’ ಎಂದಳು.

ಆ ಟೀ ಹೇಗೆ ಕುಡಿದೆನೋ ನನಗೇ ಗೊತ್ತಿಲ್ಲ. ಮನೆಗೆ ಬಂದು ಗಂಡನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು, ‘ಅದು ಸ್ಟಾಫ್ ಸವಲತ್ತು, ಇದು ಸಹಾಯ. ಎರಡನ್ನೂ ಯಾಕೆ ಒಂದೇ ಮಾಡ್ತೀಯ?’ ಎಂದರು. ಸರಿಯಾದ ಮಾತೇ. ಆದರೆ ಆ ಸರಿಯಾದ ಮಾತು ಕೇಳಿ ನನ್ನ ಸಿಟ್ಟು ಇನ್ನಷ್ಟು ಜಾಸ್ತಿಯಾಯಿತು.

ಮಾರನೇ ದಿನದಿಂದ ಕಾರ್ಯದರ್ಶಿಗಳ ಬೆನ್ನು ಬಿದ್ದೆ. ಒಂದು ಸಲ ಆಫೀಸಿನಲ್ಲಿ, ಒಂದು ಸಲ ಅವರ ಎಣ್ಣೆ ಮಿಲ್ಲಿಗೇ ಹೋಗಿ, ಇನ್ನೊಂದು ಸಲ ಕಾರಿಗೆ ಅಡ್ಡ ನಿಂತು ಕೇಳಿದೆ. ಕೊನೆಗೆ ಬೇಸತ್ತು, ‘ಆಯ್ತು ಮೇಡಂ, ನನ್ನ ವಿವೇಚನೆ ಅಂತ ಒಂದು ಸೀಟು ಇಟ್ಕೊಂಡಿದೀನಿ, ಅದ್ರಲ್ಲಿ ಅರ್ಧ ಫೀಸು ಬಿಡ್ತೀನಿ. ಹುಡ್ಗಿ ಚೆನ್ನಾಗಿ ಓದ್ತಾಳೆ ಅಂತೀರ’ ಎಂದರು. ನಾನು ಓಡಿಕೊಂಡೇ ಹೋಗಿ ಅಂಗಡಿಯಲ್ಲಿ ಹೇಳಿದೆ. ಹಾಸಿಗೆಯವರು ಎರಡೂ ಕೈ ಜೋಡಿಸಿದರು. ಹುಡುಗಿ ‘ಥ್ಯಾಂಕ್ಸ್ ಮಿಸ್’ ಎಂದಳು. ಆ ದಿನ ನಾನು ಗೆದ್ದೆ ಅಂದುಕೊಂಡೆ.

ಜನವರಿಯಲ್ಲಿ ಶಾಲೆಯ ವಾರ್ಷಿಕೋತ್ಸವ. ಅದಕ್ಕೆ ಒಂದು ವಾರ ಮೊದಲು ಕಾರ್ಯದರ್ಶಿಗಳು, ನೆರವು ಪಡೆದ ಮಕ್ಕಳೆಲ್ಲ ತಂದೆ ತಾಯಿಯ ಜೊತೆ ವೇದಿಕೆಗೆ ಬಂದು ಚೆಕ್ ತೆಗೆದುಕೊಳ್ಳಬೇಕು ಎಂದರು. ನಿಜವಾದ ಚೆಕ್ ಅಲ್ಲ. ಥರ್ಮೋಕೋಲಿನಲ್ಲಿ ಮಾಡಿಸಿದ್ದು, ಬಾಗಿಲಿನಷ್ಟು ಅಗಲ. ಒಬ್ಬರಾದ ಮೇಲೆ ಒಬ್ಬರು ಅದೇ ಚೆಕ್ಕನ್ನು ಹಿಡಿದು ಫೋಟೋ ತೆಗೆಸಿಕೊಂಡು ಮುಂದಿನವರ ಕೈಗೆ ಕೊಟ್ಟು ಇಳಿಯಬೇಕು.

‘ಮಕ್ಕಳು ಬೇಡ ಸರ್. ಹೆಸರೂ ಕೂಗಬೇಡಿ. ಅವರ ಕ್ಲಾಸಿನವರೆಲ್ಲ ಎದುರಿಗೆ ಕೂತಿರ್ತಾರೆ’ ಎಂದೆ.

‘ಅದ್ರಲ್ಲಿ ನಾಚ್ಕೊಳೋದೇನಿದೆ ಮೇಡಂ? ಕಳ್ಳತನ ಮಾಡಿದಾರಾ? ಫೋಟೋ ಕಳಿಸ್ದೆ ಇದ್ರೆ ಮುಂದಿನ ವರ್ಷ ನಿಧಿಗೆ ಕೊಡೋರು ಕೊಡಲ್ಲ. ಆಗ ಎಂಟು ಮಕ್ಕಳಿಗೂ ಇಲ್ಲ.’

ಆ ಮನುಷ್ಯ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಊರೂರು ತಿರುಗಿ ಹಳೇ ವಿದ್ಯಾರ್ಥಿಗಳಿಂದ ಹಣ ತಂದವರು ಅವರೇ.

ರಿಹರ್ಸಲ್ ದಿನ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ‘ಮಿಸ್, ನಾನು ಹತ್ತಲ್ಲ’ ಎಂದಳು.

‘ಎರಡು ನಿಮಿಷದ ಕೆಲಸ ಕಣಮ್ಮ’ ಎಂದೆ.

ಅವಳು ಅಳಲಿಲ್ಲ. ‘ನಿಮಗೆ ಎರಡು ನಿಮಿಷ ಮಿಸ್’ ಎಂದು ಹೇಳಿ ಹೋದಳು.

ವಾರ್ಷಿಕೋತ್ಸವದ ದಿನ ಹಾಸಿಗೆಯವರು ಒಬ್ಬರೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಎಣ್ಣೆ ಹಾಕಿ ಬಾಚಿದ್ದರು. ಹೆಸರು ಕೂಗಿದಾಗ ವೇದಿಕೆ ಹತ್ತಿದರು. ಮೈಕಿನ ಮುಂದೆ ನಿಂತಿದ್ದ ಕಾರ್ಯದರ್ಶಿಗಳು ನಗುತ್ತ, ‘ಮಗಳೆಲ್ಲಿ ಸಾಹೇಬ್ರೇ?’ ಎಂದು ಕೇಳಿದರು. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

‘ಜ್ವರ ಸರ್’ ಎಂದರು ಅವರು.

ಹುಡುಗಿಗೆ ಜ್ವರವಿರಲಿಲ್ಲ. ಆ ಬೆಳಿಗ್ಗೆಯೇ ಅವಳು ಅಂಗಡಿಯಲ್ಲಿ ದಿಂಬಿಗೆ ಹತ್ತಿ ತುಂಬುತ್ತ ಕೂತಿದ್ದದ್ದನ್ನು ನಾನು ಸ್ಕೂಟರಿನಲ್ಲಿ ಬರುವಾಗ ನೋಡಿದ್ದೆ. ಕಾಗದದ ಮೇಲೆ ನಾಲ್ಕು ಸಾವಿರ ಕಡಿಮೆ ಬರೆಸಲು ಒಪ್ಪದಿದ್ದ ಮನುಷ್ಯ, ಐನೂರು ಜನರ ಮುಂದೆ ಮಗಳಿಗೋಸ್ಕರ ಒಂದು ಸುಳ್ಳು ಹೇಳಿ, ಥರ್ಮೋಕೋಲ್ ಚೆಕ್ಕಿನ ಒಂದು ತುದಿ ಹಿಡಿದು ಕ್ಯಾಮೆರಾ ನೋಡಿದರು. ನಾನು ವೇದಿಕೆಯ ಪಕ್ಕದಲ್ಲಿ ನಿಂತು ಮುಂದಿನ ಹೆಸರಿನ ಚೀಟಿ ಕೊಡುತ್ತಿದ್ದೆ.

ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ಮಾರ್ಚ್ ಕೊನೆಗೆ ಹೊಸ ಅಡ್ಮಿಷನ್ನಿಗೆ ಗೇಟಿನ ಪಕ್ಕ ದೊಡ್ಡ ಫ್ಲೆಕ್ಸ್ ಕಟ್ಟಿದರು. ಸ್ಮಾರ್ಟ್ ಕ್ಲಾಸು, ಬಸ್ ಸೌಲಭ್ಯ, ಕರಾಟೆ. ಕೆಳಗೆ ‘ಬಡ ಮಕ್ಕಳಿಗೆ ನೆರವು’ ಎಂಬ ಸಾಲು. ಅದರ ಪಕ್ಕ ಹಾಸಿಗೆಯವರ ಮುಖ, ಕೈಯಲ್ಲಿ ಚೆಕ್ಕು. ಒಂಬತ್ತನೇ ಕ್ಲಾಸಿನ ಪರೀಕ್ಷೆ ನಡೆಯುತ್ತಿತ್ತು. ಹುಡುಗಿ ಪ್ರತಿದಿನ ಅದರ ಕೆಳಗೇ ಬಂದು, ಪರೀಕ್ಷೆ ಬರೆದು, ಅದರ ಕೆಳಗೇ ಹೋದಳು.

ತೆಗೆಸಿ ಎಂದು ನಾನು ಕೇಳಿದೆ. ಹೆಡ್‌ಮಾಸ್ಟರು ಕಾರ್ಯದರ್ಶಿಗಳನ್ನು ಕೇಳಿ ಎಂದರು. ಕಾರ್ಯದರ್ಶಿಗಳು ಪ್ರಿಂಟಿಂಗ್‌ನವರಿಗೆ ಹೇಳ್ತೀನಿ ಎಂದರು. ಅಡ್ಮಿಷನ್ ಮುಗಿಯುವ ತನಕ ಅದು ಅಲ್ಲೇ ಇತ್ತು. ನಾನೇ ಒಂದು ಬ್ಲೇಡು ತೆಗೆದುಕೊಂಡು ಕತ್ತರಿಸಬಹುದಿತ್ತು. ಎರಡು ಸಲ ಹಾಗೆ ಯೋಚಿಸಿದೆ, ಎರಡು ಸಲವೂ ಸ್ಕೂಟರ್ ನಿಲ್ಲಿಸಿ ಒಳಗೆ ಹೋದೆ.

ಮೇ ತಿಂಗಳಲ್ಲಿ ಹಾಸಿಗೆಯವರು ಟಿಸಿ ಕೇಳಲು ಬಂದರು. ನಾನು ಆಫೀಸಿನ ಹೊರಗೆ ಅವರನ್ನು ತಡೆದು, ‘ಹತ್ತನೇ ಕ್ಲಾಸು. ಇನ್ನೊಂದೇ ವರ್ಷ. ಈಗ ಯಾಕೆ ಬದಲಾಯಿಸ್ತೀರಿ?’ ಎಂದೆ.

‘ನಾನೂ ಹೇಳ್ದೆ ಮೇಡಂ. ಅವಳು ಕೇಳ್ಬೇಕಲ್ಲ. ಸರ್ಕಾರಿ ಸ್ಕೂಲಲ್ಲಿ ಯಾರೂ ನಮ್ಮನೇಗೆ ಬರಲ್ಲ ಅಬ್ಬಾ ಅಂತಾಳೆ’ ಎಂದರು. ಆಮೇಲೆ, ನನಗೇ ಸಮಾಧಾನ ಹೇಳಬೇಕು ಅನ್ನಿಸಿತೇನೋ, ‘ನಿಮ್ಮ ಮೇಲೆ ಸಿಟ್ಟಿಲ್ಲ ಅವಳಿಗೆ. ಗಣಿತದ ಮಿಸ್ ಒಳ್ಳೇವ್ರು ಅಂತಾಳೆ’ ಎಂದರು.

ಅವಳು ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು ಮಾಡಿದಳು. ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು ಬಂತೆಂದು ಅವಳಪ್ಪ ಅಂಗಡಿಯಿಂದಲೇ ಕೂಗಿ ಹೇಳಿದರು. ಈಗ ಪಿಯುಸಿ ಸೈನ್ಸ್. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ನಿಂತು ಮಾತಾಡುತ್ತಾಳೆ, ನಗುತ್ತಾಳೆ. ಇದನ್ನು ಕೇಳಿದ ನನ್ನ ಸಹೋದ್ಯೋಗಿಗಳು, ‘ನೋಡಿ, ಎಲ್ಲ ಒಳ್ಳೇದೇ ಆಯ್ತಲ್ಲ’ ಎನ್ನುತ್ತಾರೆ. ಒಳ್ಳೆಯದಾಯಿತು ನಿಜ, ಆದರೆ ಅದನ್ನು ಮಾಡಿಕೊಂಡವಳು ಅವಳು. ನಮ್ಮ ಶಾಲೆ, ನಮ್ಮ ಸಮಿತಿ, ನನ್ನ ಭಾನುವಾರಗಳು ಯಾವುವೂ ಅದಕ್ಕೆ ಕಾರಣವಲ್ಲ. ಜೆಸಿಬಿಯವರ ಮಗಳು ಮೂರನೇ ವರ್ಷವೂ ಪೂರ್ತಿ ರಿಯಾಯಿತಿಯಲ್ಲಿ ಓದುತ್ತಿದ್ದಾಳೆ. ಆ ಮಗುವಿನ ಮೇಲೆ ನನಗೇನೂ ಕೋಪವಿಲ್ಲ, ಅವಳಿಗೂ ಭಿನ್ನರಾಶಿ ನಾನೇ ಹೇಳಿಕೊಟ್ಟೆ.

ನನ್ನ ಮಗಳ ಅರ್ಧ ಫೀಸು ಹಾಗೇ ಮುಂದುವರಿದಿದೆ. ಬಿಟ್ಟುಬಿಡೋಣ ಎಂದು ಒಂದು ಸಲ ಯೋಚಿಸಿ, ತಿಂಗಳ ಖರ್ಚು ನೆನೆದು ಸುಮ್ಮನಾದೆ. ಶಾಲೆಗೆ ಒಂದು ಪತ್ರ ಬರೆದೆ: ಅಡುಗೆಮನೆಯ ಫೋಟೋ ನಿಲ್ಲಿಸಿ, ಮಕ್ಕಳನ್ನು ವೇದಿಕೆಗೆ ಹತ್ತಿಸಬೇಡಿ, ಕೇಳದೆ ಯಾರ ಫೋಟೋವನ್ನೂ ಫ್ಲೆಕ್ಸಿಗೆ ಹಾಕಬೇಡಿ, ಟೀಚರುಗಳ ವರದಿಯನ್ನು ಓದದಿದ್ದರೆ ಅವರನ್ನು ಕಳಿಸಬೇಡಿ ಎಂದು. ‘ಮೀಟಿಂಗಲ್ಲಿ ಇಡ್ತೀವಿ’ ಎಂದರು. ಆಮೇಲೆ ಸಮಿತಿಯಲ್ಲಿ ನನ್ನ ಜಾಗಕ್ಕೆ ಹಿಂದಿ ಟೀಚರನ್ನು ಹಾಕಿದರು. ಅವರ ಹತ್ತಿರವೂ ಸ್ಕೂಟರ್ ಇದೆ.

ಈ ಜೂನಿನಲ್ಲಿ ಹೊಸ ಫಾರಂ ಬಂತು. ಮೊದಲು ಒಂದು ಹಾಳೆ ಇದ್ದದ್ದು ಈಗ ಎರಡು ಹಾಳೆ. ಕೊನೆಯಲ್ಲಿ ಒಂದು ಹೊಸ ಸಾಲು: ‘ನಮ್ಮ ಮತ್ತು ನಮ್ಮ ಮಗುವಿನ ಭಾವಚಿತ್ರವನ್ನು ಶಾಲೆಯ ಪ್ರಚಾರಕ್ಕೆ ಬಳಸಲು ನಮ್ಮ ಒಪ್ಪಿಗೆ ಇದೆ.’ ಅದರ ಕೆಳಗೆ ಸಹಿ. ನನ್ನ ಪತ್ರದಿಂದ ಆದ ಪರಿಣಾಮ ಇದೇ ಇರಬೇಕು.

ಒಂದು ಮಧ್ಯಾಹ್ನ ಗೇಟಿನ ಪಕ್ಕದ ಕಟ್ಟೆಯ ಮೇಲೆ ಒಬ್ಬ ಹೆಂಗಸು ಆ ಫಾರಂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತೋವಿನಕೆರೆ ಕಡೆಯವಳಂತೆ, ಗಾರ್ಮೆಂಟ್ಸಿಗೆ ಹೋಗುತ್ತಾಳಂತೆ, ಮಗಳನ್ನು ಐದನೇ ಕ್ಲಾಸಿಗೆ ಸೇರಿಸಲು ಬಂದಿದ್ದಾಳೆ. ನನ್ನನ್ನು ಕರೆದು, ‘ಮಿಸ್, ಇದ್ರಾಗೆ ಫೋಟೋ ಅಂತ ಬರ್ದವ್ರಲ್ಲ, ಏನದು?’ ಎಂದು ಕೇಳಿದಳು.

ನಾನು ಅವಳ ಪಕ್ಕ ಕೂತೆ. ಮನೆಗೆ ಬಂದು ನೋಡುವುದು, ಅಡುಗೆಮನೆ, ವೇದಿಕೆ, ಚೆಕ್ಕು, ಫ್ಲೆಕ್ಸು, ಆ ಹುಡುಗಿ ಶಾಲೆ ಬಿಟ್ಟದ್ದು, ಎಲ್ಲವನ್ನೂ ಹೇಳಿದೆ. ಯಾರ ಹೆಸರನ್ನೂ ಹೇಳಲಿಲ್ಲ. ಯಾರಾದರೂ ಒಬ್ಬರಿಗಾದರೂ ಮೊದಲೇ ತಿಳಿಸಿದೆನಲ್ಲ ಎಂದು ನನಗೆ ಸ್ವಲ್ಪ ಹಗುರವೂ ಆಯಿತು. ಅವಳು ಕೊನೆಯ ತನಕ ಗಮನವಿಟ್ಟು ಕೇಳಿದಳು.

‘ಹಾಕ್ಕಳ್ಲಿ ಬುಡಿ ಮಿಸ್. ನಮ್ ಮುಖ ಯಾರ್ ನೋಡ್ತಾರೆ? ನನ್ ಮಗ್ಳು ಓದ್ಬೇಕು, ಅಷ್ಟೇ’ ಎಂದಳು. ಆಮೇಲೆ ಸುತ್ತ ನೋಡಿ, ‘ಪೆನ್ನು ಐತಾ?’ ಎಂದು ಕೇಳಿದಳು.

ನನ್ನ ಚೀಲದಲ್ಲಿ ಕೆಂಪು ಪೆನ್ನು ಮಾತ್ರ ಇತ್ತು. ಕೆಂಪಲ್ಲಿ ಸಹಿ ಹಾಕಿದರೆ ಆಫೀಸಿನವರು ವಾಪಸ್ ಕಳಿಸುತ್ತಾರೆ ಎಂದು ಹೇಳಿ, ಒಳಗೆ ಹೋಗಿ ಅವಳಿಗೊಂದು ನೀಲಿ ಪೆನ್ನು ತಂದುಕೊಟ್ಟೆ.